ವಿಳಾಸಪಟ್ಟಿಯಲ್ಲೇ ಕನ್ನಡದ ಹುಡುಕಾಟ

ಸವಣೂರು ಎಂದು ಹುಡುಕಿದರೆ ಹಾವೇರಿ ಜಿಲ್ಲೆಯ ನಮ್ಮ ಊರಿನ ಜೊತೆ ದಕ್ಷಿಣ ಕನ್ನಡದ ಸವಣೂರೂ ಬರುತ್ತದೆ. ನವಾಬರ ಚರಿತ್ರೆಯನ್ನೋ ಇಲ್ಲಿನ ದೊಡ್ಡ ಹುಣಸೆ ಮರಗಳ ವಿಷಯವನ್ನೋ ಓದಬೇಕೆಂದವರಿಗೆ ಅದು ಸುತ್ತುದಾರಿ.

ಹಾಗಾಗಿಯೇ ಬ್ರೌಸರಿನ ಒಂದು ಸೌಲಭ್ಯ ನನಗೆ ಅಷ್ಟು ಇಷ್ಟ. ಕ್ರೋಮ್ ಸೆಟ್ಟಿಂಗ್ಸ್‌ನ ಸರ್ಚ್ ಎಂಜಿನ್ ವಿಭಾಗದಲ್ಲಿ ನಮಗೆ ಬೇಕಾದ ಜಾಲತಾಣವನ್ನು ಸೇರಿಸಬಹುದು. ಆ ತಾಣದಲ್ಲಿ ಒಂದು ಪದ ಹುಡುಕಿ, ಬಂದ ವಿಳಾಸವನ್ನು ಇಲ್ಲಿ ಅಂಟಿಸಿ, ಪದವಿದ್ದ ಜಾಗದಲ್ಲಿ ಶೇಕಡಾ ಚಿಹ್ನೆಯನ್ನೂ ಇಂಗ್ಲಿಷಿನ ಸಣ್ಣ ಎಸ್ ಅಕ್ಷರವನ್ನೂ ಹಾಕಿದರಾಯಿತು. ಕನ್ನಡ ವಿಕಿಪೀಡಿಯಕ್ಕೆ ‘ವಿ’ ಎಂಬ ಗುರುತು ಕೊಟ್ಟಿದ್ದೇನೆ. ವಿಳಾಸಪಟ್ಟಿಯಲ್ಲಿ ‘ವಿ’ ಬರೆದು ಟ್ಯಾಬ್ ಒತ್ತಿ ವಿನಾಯಕ ಕೃಷ್ಣ ಗೋಕಾಕ ಎಂದರೆ, 1909ರಲ್ಲಿ ಇದೇ ಸವಣೂರಿನಲ್ಲಿ ಹುಟ್ಟಿದ ಆ ಕವಿಯತ್ತ ನೇರ ದಾರಿ.

‘ಅ’ ಗುರುತು ಅಲರ್ ನಿಘಂಟಿಗೆ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ, 2019ರಲ್ಲಿ ಅಂತರ್ಜಾಲಕ್ಕೆ ಬಂದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ-ಇಂಗ್ಲಿಷ್ ಕೋಶವದು. ಅಂಥ ದುಡಿಮೆ ಎರಡು ಕೀಲಿಗಳ ದೂರದಲ್ಲಿ ಸಿಗುತ್ತದೆಂದರೆ ಪ್ರತಿ ಸಲವೂ ಕೈಮುಗಿಯುವಂತಾಗುತ್ತದೆ.

ಡಕ್‌ಡಕ್‌ಗೋ ಕೂಡ ಇಡೀ ಅಂತರ್ಜಾಲದ ಹುಡುಕಾಟಕ್ಕೆ ಒಳ್ಳೆಯ ಆಯ್ಕೆ, ನಮ್ಮ ಹುಡುಕಾಟದ ಜಾಡು ಹಿಡಿಯುವುದಿಲ್ಲ. ಕನ್ನಡದ ಫಲಿತಾಂಶಗಳಲ್ಲಿ ಮಾತ್ರ ಗೂಗಲ್ಲೇ ಮುಂದು ಎಂಬುದು ನನ್ನ ಅನುಭವ. ಎರಡನ್ನೂ ಇಟ್ಟುಕೊಳ್ಳಿ, ಆದರೆ ಅಲರ್‌ಗೊಂದು ಗುರುತನ್ನು ಇವತ್ತೇ ಕೊಡಿ.