ಬೆಸ್ಸಿ ಸ್ಮಿತ್: ಹಾಡು ಮತ್ತು ದಂತಕಥೆ

ಕಲಾವಿದರ ವಿಷಯದಲ್ಲಿ ವಿಮರ್ಶಕನಿಗೆ ಎದುರಾಗುವ ದೊಡ್ಡ ತೊಡಕೆಂದರೆ ದಂತಕಥೆ. ಅಮೆರಿಕದ ಕರಿಯ ಜನಾಂಗದ ಗಾಯಕಿ ಬೆಸ್ಸಿ ಸ್ಮಿತ್ ಇದಕ್ಕೆ ತಕ್ಕ ನಿದರ್ಶನ.

ಟೆನೆಸೀ ಪ್ರಾಂತದ ಚಟನೂಗಾದಲ್ಲಿ ಬಡವರ ಮನೆಯಲ್ಲಿ ಹುಟ್ಟಿದ ಈಕೆ ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ಸೋದರನೊಡನೆ ಬೀದಿಯಲ್ಲಿ ಹಾಡಿ ಕಾಸು ಗಳಿಸಿದಳು. 1912ರಲ್ಲಿ ಸಂಚಾರಿ ಮಂಡಳಿಯೊಂದನ್ನು ಸೇರಿದಳು; ಹಿರಿಯ ಗಾಯಕಿ ಮಾ ರೇನಿ ಅಲ್ಲಿದ್ದಳು. 1923ರಲ್ಲಿ ಕೊಲಂಬಿಯಾ ಕಂಪನಿಯವರು ಹೊರತಂದ ‘ಡೌನ್‌ಹಾರ್ಟೆಡ್ ಬ್ಲೂಸ್’ ಲಕ್ಷಗಟ್ಟಲೆ ಮಾರಾಟವಾಯಿತು. ಜನರು ಆಕೆಯನ್ನು ‘ಬ್ಲೂಸ್ ಸಾಮ್ರಾಜ್ಞಿ’ ಎಂದು ಕರೆದರು.

ಬ್ಲೂಸ್ ಎಂಬುದು ಆ ದೇಶದ ದಕ್ಷಿಣ ಭಾಗದ ಕರಿಯರ ಕಷ್ಟ, ಒಲವು, ನಗೆಗಳ ಹಾಡು. ಒಂದು ಸಾಲನ್ನು ಹಾಡಿ, ಅದನ್ನೇ ಮರಳಿ ಹಾಡಿ, ಮೂರನೆಯದರಿಂದ ಮುಗಿಸುವುದು ಅದರ ಸಾಮಾನ್ಯ ಕಟ್ಟು. ಕಟ್ಟು ಸರಳವಾದುದರಿಂದ ಹಾಡುವವರ ಶಕ್ತಿಯೇ ಅದರ ಜೀವ. ಬೆಸ್ಸಿ ಕೆಲವೇ ಸ್ವರಗಳ ಸುತ್ತ ನಿಂತು, ಅವನ್ನು ಬಾಗಿಸಿ, ಮಾತಿನ ನಡುವೆ ಮೌನವಿರಿಸಿ, ಅದೇ ಸಾಲಿಗೆ ಎರಡನೆಯ ಸಲ ಬೇರೊಂದು ತೂಕವನ್ನು ಕೊಡುತ್ತಾಳೆ. 1925ರ ‘ಸೇಂಟ್ ಲೂಯಿಸ್ ಬ್ಲೂಸ್’ ತಟ್ಟೆಯಲ್ಲಿ ಲೂಯಿ ಆರ್ಮ್‌ಸ್ಟ್ರಾಂಗನ ಕಾರ್ನೆಟ್ ವಾದ್ಯವು ಆಕೆಯ ಒಂದೊಂದು ಸಾಲಿಗೂ ಉತ್ತರ ಕೊಡುವುದನ್ನು ಕೇಳಬೇಕು. ಅಲ್ಲಿ ಗೋಳಾಟವಿಲ್ಲ, ಗಾಂಭೀರ್ಯವಿದೆ.

ಇನ್ನು ದಂತಕಥೆಗಳು. ನೆರೆಯನ್ನು ಕುರಿತ ಆಕೆಯ ‘ಬ್ಯಾಕ್‌ವಾಟರ್ ಬ್ಲೂಸ್’ 1927ರ ಮಿಸಿಸಿಪ್ಪಿ ಮಹಾಪೂರವನ್ನು ಕಂಡು ಕಟ್ಟಿದ್ದೆಂದು ಹಲವರು ನಂಬಿದರು. ಆದರೆ ತಟ್ಟೆಯಾದದ್ದು ಫೆಬ್ರವರಿಯಲ್ಲಿ. ಮಹಾಪೂರವು ಕಟ್ಟೆಗಳನ್ನೊಡೆದು ನುಗ್ಗಿದ್ದು ಏಪ್ರಿಲಿನಲ್ಲಿ. ಮುಂದೆ ಬಂದ ದುಃಖಕ್ಕೂ ಮಾತಾಗಬಲ್ಲ ಹಾಡು ಅದಾಗಿತ್ತು. ಈ ತಪ್ಪು ನಂಬಿಕೆಯು ಹಾಡಿನ ಹಿರಿಮೆಗೇ ಸಾಕ್ಷಿ.

ಎರಡನೆಯದು ಹಾಗಲ್ಲ. 1937ರ ಸೆಪ್ಟೆಂಬರ್ 26ರಂದು ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಬಳಿಯ ಕಾರು ಅಪಘಾತದಲ್ಲಿ ಗಾಯಗೊಂಡು ಆಕೆ ತೀರಿಕೊಂಡಳು. ಬಿಳಿಯರ ಆಸ್ಪತ್ರೆಯವರು ಸೇರಿಸಿಕೊಳ್ಳದುದರಿಂದಲೇ ಸತ್ತಳೆಂಬ ಸುದ್ದಿ ಹಬ್ಬಿತು. ಎಡ್ವರ್ಡ್ ಆಲ್ಬಿಯ ನಾಟಕಕ್ಕೂ ಅದೇ ವಸ್ತುವಾಯಿತು. ನಾವೂ ಅದನ್ನು ನಂಬಿ ತರಗತಿಯಲ್ಲಿ ಹೇಳಿದ್ದುಂಟು. ಕ್ರಿಸ್ ಆಲ್ಬರ್ಟ್‌ಸನ್ 1972ರ ತನ್ನ ಜೀವನಚರಿತ್ರೆಯಲ್ಲಿ, ಸ್ಥಳದಲ್ಲಿದ್ದ ವೈದ್ಯರ ಹೇಳಿಕೆಯ ಮೇಲೆ, ಆಕೆಯನ್ನು ನೇರವಾಗಿ ಕರಿಯರ ಆಸ್ಪತ್ರೆಗೇ ಒಯ್ದಿದ್ದರೆಂದು ತೋರಿಸಿದ.

ಹಾಗಾದರೆ ವರ್ಣಭೇದ ಸುಳ್ಳಾಯಿತೆ? ಇಲ್ಲ. ಒಂದೇ ಊರಿನಲ್ಲಿ ಚರ್ಮದ ಬಣ್ಣ ನೋಡಿ ಬೇರೆ ಬೇರೆ ಆಸ್ಪತ್ರೆಗಳಿದ್ದುವೆಂಬುದೇ ಸಾಲದೆ? ಅನ್ಯಾಯಕ್ಕೆ ಅತಿಶಯೋಕ್ತಿಯ ನೆರವು ಬೇಕಿಲ್ಲ. ಆ ಕಥೆಯಿಂದಾದ ನಷ್ಟವೆಂದರೆ ಹಾಡಿದವಳು ಮರೆಯಾಗಿ ಸತ್ತವಳು ಮಾತ್ರ ಉಳಿದುದು. ಮರುಗಿದವರು ಅನೇಕರಿದ್ದರೂ 1970ರವರೆಗೆ ಆಕೆಯ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ತಟ್ಟೆಗಳು ಮಾತ್ರ ಇದ್ದುವು, ಇಂದಿಗೂ ಇವೆ. ಮುಂದಿನ ಸಲ ತರಗತಿಯಲ್ಲಿ ನಾವು ಕಥೆಗೆ ಮೊದಲು ಅವನ್ನು ಕೇಳಿಸುವೆವು.