ವಿದ್ಯುನ್ಮಂಡಲದ ಪೆಟ್ಟು, ಚರ್ಮದ ನುಡಿ

ಅನಲಾಗ್ ಡ್ರಮ್ ಸಿಂಥಸೈಸರ್ ಮಾಡ್ಯೂಲ್ ಮುದ್ರಿಸಿಟ್ಟ ವಾದ್ಯಧ್ವನಿಯನ್ನು ಮರಳಿ ಕೇಳಿಸುವ ಸಾಧನವಲ್ಲ. ಕಿರಿದಾದೊಂದು ವಿದ್ಯುತ್ ಮಿಡಿತ ಬಂದೊಡನೆ ತನ್ನ ಮಂಡಲದೊಳಗೆ ಕಂಪನವನ್ನು ಹುಟ್ಟಿಸಿ, ಬಳಿಕ ಅದನ್ನು ಅಡಗಿಸುವ ಸಾಧನ. ನಿರ್ದಿಷ್ಟ ಸ್ಥಾಯಿಯ ನಾದ ಕೊಡುವ ಆಸಿಲೇಟರ್, ಸ್ಥಾಯಿಯೇ ಇಲ್ಲದ ಸದ್ದನ್ನು ಕೊಡುವ ನಾಯ್ಸ್ ಜನರೇಟರ್, ಇವೆರಡೂ ಎಷ್ಟು ಬೇಗ ಏರಿ ಎಷ್ಟು ಬೇಗ ಇಳಿಯಬೇಕೆಂಬುದನ್ನು ನಿರ್ಧರಿಸುವ ಎನ್ವಲಪ್ ಅದರ ಮುಖ್ಯ ಅಂಗಗಳು. 1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಹೊರತಂದ ಟಿಆರ್-808 ಯಂತ್ರದ್ದೂ ಇದೇ ತತ್ತ್ವ. ನಿಜವಾದ ಡ್ರಮ್ಮಿನಂತೆ ಕೇಳಿಸುವುದಿಲ್ಲವೆಂಬ ಆಕ್ಷೇಪಕ್ಕೆ ಗುರಿಯಾದ ಆ ಯಂತ್ರವನ್ನು ಮುಂಬೈಯ ಸಂಗೀತಗಾರ ಚರಣಜಿತ್ ಸಿಂಗ್ ಅವರು 1982ರ ಧ್ವನಿಮುದ್ರಿಕೆಯೊಂದರಲ್ಲಿ ಹತ್ತು ರಾಗಗಳಿಗೆ ತಾಳವಾಗಿ ಬಳಸಿದ್ದು, ಅದನ್ನು ಅನುಕರಣೆಯ ಹಂಗಿಲ್ಲದ ಸ್ವತಂತ್ರ ಧ್ವನಿಯಾಗಿ ಕೇಳಿದ್ದರಿಂದಲೇ ಎನ್ನಬೇಕು.

ಇನ್ನು ನಮ್ಮ ಕರಾವಳಿಯ ಕಡೆಯ ಎಲ್ಲೂರು, ಕಾಪು, ಕಾರ್ಕಳ, ಉಡುಪಿಗಳ ಕಿವಿ ಪಳಗಿರುವುದು ಹುಲಿವೇಷದ ತಾಸೆಗೆ, ಯಕ್ಷಗಾನದ ಚೆಂಡೆ ಮತ್ತು ಮದ್ದಳೆಗೆ. ಈ ಕಿವಿಯ ಮುಂದೆ ಮಾಡ್ಯೂಲಿನ ಸತ್ವ ಎಲ್ಲ ಕಡೆಯೂ ಒಂದೇ ತೆರನಾಗಿ ನಿಲ್ಲುವುದಿಲ್ಲ. ಬೆಂಕಿಗೆ ಹಿಡಿದು ಬಿಗಿಯೇರಿಸಿದ ಚರ್ಮದ ಮೇಲೆ ತೆಳುಕೋಲುಗಳು ಬಿದ್ದಾಗ ತಾಸೆಯಿಂದ ಹೊಮ್ಮುವುದು ಬಹುಪಾಲು ಸ್ಥಾಯಿಯಿಲ್ಲದ, ಕ್ಷಣದಲ್ಲಿ ಅಡಗುವ ಕಟುವಾದ ಸದ್ದು. ನಾಯ್ಸಿಗೆ ಹ್ರಸ್ವವಾದ ಎನ್ವಲಪ್ ತೊಡಿಸಿ, ಕೆಳಗಿನ ಕಂಪನಗಳನ್ನು ಫಿಲ್ಟರಿನಿಂದ ಸೋಸಿದರೆ ಮಾಡ್ಯೂಲ್ ಅದರ ಸಮೀಪಕ್ಕೆ ಗೌರವಯುತವಾಗಿಯೇ ಬರುತ್ತದೆ. ಚೆಂಡೆಯ ಏರುಸ್ಥಾಯಿಯ ಒಂಟಿ ಪೆಟ್ಟೂ ಒಂದು ಮಟ್ಟಿಗೆ ಸಾಧ್ಯ.

ಮದ್ದಳೆಯ ಎದುರು ಮಾತ್ರ ಮಾಡ್ಯೂಲ್ ಸೋಲುತ್ತದೆ, ಮತ್ತು ಈ ಸೋಲಿಗೆ ಭೌತಶಾಸ್ತ್ರದ ಕಾರಣವಿದೆ. ಏಕರೂಪವಾಗಿ ಬಿಗಿದ ಸಾಮಾನ್ಯ ಚರ್ಮದ ಕಂಪನಗಳು 1, 1.59, 2.14, 2.30 ಎಂಬಂಥ ಅನುಪಾತಗಳಲ್ಲಿದ್ದು, ಪರಸ್ಪರ ಕೂಡಿ ಸ್ಪಷ್ಟ ಸ್ವರವಾಗುವುದಿಲ್ಲ. ಮೃದಂಗ ಮತ್ತು ತಬಲಾಗಳ ಚರ್ಮದ ನಡುಭಾಗದ ಕರಣೆ, ಅಂದರೆ ಕಪ್ಪು ಲೇಪ, ಈ ಕಂಪನಗಳನ್ನು ಪೂರ್ಣಸಂಖ್ಯೆಯ ಅನುಪಾತಕ್ಕೆ ತರುತ್ತದೆಂಬುದನ್ನು 1920ರಲ್ಲಿ ಸಹಲೇಖಕರೊಡನೆ ಪ್ರಕಟಿಸಿದ ಸಿ.ವಿ. ರಾಮನ್, ಬೆಂಗಳೂರಿಗೆ ಬಂದ ಮೇಲೆ 1934ರ ಪ್ರಬಂಧದಲ್ಲಿ ಅದನ್ನು ವಿಸ್ತರಿಸಿದರು. ಕರಣೆಯುಳ್ಳ ಮದ್ದಳೆಗೂ ಈ ವಿವರಣೆ ಸಲ್ಲುತ್ತದೆ. ಪೂರ್ಣಸಂಖ್ಯೆಯ ಅನುಪಾತವಷ್ಟೇ ಬೇಕಾಗಿದ್ದರೆ ಗರಗಸದಲೆಯ ಸಾದಾ ಆಸಿಲೇಟರೂ ಅದನ್ನು ಒದಗಿಸುತ್ತಿತ್ತು. ಆದರೆ ವಾದಕ ಅಂಚಿಗೆ ಹೊಡೆದಾಗ, ಕರಣೆಗೆ ಹೊಡೆದಾಗ, ಒಂದು ಬೆರಳನ್ನು ಊರಿಕೊಂಡು ಇನ್ನೊಂದರಿಂದ ಹೊಡೆದಾಗ ಎಚ್ಚರಗೊಳ್ಳುವ ಕಂಪನಗಳೇ ಬೇರೆಬೇರೆ. ಒಂದೇ ಚರ್ಮ ಹಲವು ಸೊಲ್ಲುಗಳನ್ನು ನುಡಿಯುವುದು ಹೀಗೆ. ಮಾಡ್ಯೂಲಿಗೆ ತಲುಪುವುದೋ ಮಿಡಿತ ಒಂದೇ. ಪೆಟ್ಟಿನ ಬಲವನ್ನು ಬಡಿಯುವ ಪ್ಯಾಡಿನಿಂದ ವೋಲ್ಟೇಜಾಗಿ ಕಳಿಸಬಹುದಾದರೂ ಬೆರಳು ಎಲ್ಲಿ ಬಿತ್ತು, ಎಲ್ಲಿ ತಂಗಿತು ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಆದ್ದರಿಂದ ಮದ್ದಳೆಯ ಜಾಗದಲ್ಲಿ ಮಾಡ್ಯೂಲನ್ನು ಕೂರಿಸುವ ಪ್ರಯತ್ನವನ್ನು ಒಪ್ಪಲಾಗದು. ವೇಷಧಾರಿಯ ಹೆಜ್ಜೆಯನ್ನು ನೋಡುತ್ತ ನುಡಿಸುವ ಹಿಮ್ಮೇಳಕ್ಕೆ ಅದರಿಂದ ನಷ್ಟವೇ ಹೆಚ್ಚು. ಮಾಡ್ಯೂಲಿನ ನಿಜವಾದ ಸಂಪತ್ತು ಬೇರೆಡೆ ಇದೆ. ಪೆಟ್ಟು ಬಿದ್ದೊಡನೆ ಮೇಲಿನ ಸ್ಥಾಯಿಯಿಂದ ಆಳಕ್ಕೆ ಜಾರಿ, ಯಾವ ಚರ್ಮವೂ ಉಳಿಸಿಕೊಳ್ಳಲಾರದಷ್ಟು ಹೊತ್ತು ಗುಂಯ್‌ಗುಡುವ ಮಂದ್ರನಾದವನ್ನು ಸ್ವರಕ್ಕೆ ಹೊಂದಿಸಿ ಜೀವಂತ ತಾಸೆಯ ಕೆಳಗೆ ಹಾಸಿದರೆ, ತಾಸೆ ತಲುಪದ ಆಳವನ್ನು ಅದು ತುಂಬುತ್ತದೆ. ಗತಿಯನ್ನು ನಿರ್ಧರಿಸುವ ಅಧಿಕಾರ ಆಗಲೂ ತಾಸೆಯವನ ಕೋಲಿನಲ್ಲೇ ಇರುತ್ತದೆ.