ಸೈಟು ಮೊದಲು, ಊರು ಆಮೇಲೆ

ಬೆಂಗಳೂರಿನ ನಗರ ಯೋಜನೆಯ ಮಾತು ಬಂದರೆ ನಾವೆಲ್ಲ ಫ್ಲೈಓವರ್, ಮೆಟ್ರೊ, ಸುರಂಗ ರಸ್ತೆ ಅಂತ ಶುರು ಮಾಡುತ್ತೇವೆ. ಆದರೆ ಈ ನಗರವನ್ನು ಬೆಳೆಸಿದ್ದು ಬಡಾವಣೆ ಎಂಬ ಪದ್ಧತಿ. ಹೊಲ, ತೋಟಗಳನ್ನು ಸ್ವಾಧೀನಕ್ಕೆ ಪಡೆದು, ನಕ್ಷೆ ಬರೆದು, ಮೇನ್ ರೋಡು, ಕ್ರಾಸುಗಳನ್ನು ಎಳೆದು, ಮೂವತ್ತು–ನಲವತ್ತರ ಸೈಟುಗಳನ್ನಾಗಿ ಹಂಚುವ ಕೆಲಸ ಇಲ್ಲಿ ನೂರು ವರ್ಷಕ್ಕೂ ಮೇಲಿನಿಂದ ನಡೆದುಬಂದಿದೆ. ಈ ನಗರ ಇವತ್ತು ಯಾಕೆ ಹೀಗಿದೆ ಎಂದು ತಿಳಿಯಬೇಕಾದರೆ ಮೊದಲು ಈ ಪದ್ಧತಿಯ ಗುಣದೋಷಗಳನ್ನು ನೋಡಬೇಕು.

1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿನ ಕೇರಿಗಳಲ್ಲಿ ಜನ ಸತ್ತರು, ಉಳಿದವರು ಊರು ಬಿಟ್ಟು ಹೊರಬಿದ್ದರು. ಮಲ್ಲೇಶ್ವರ, ಬಸವನಗುಡಿಗಳು ಮೈದುಂಬಿಕೊಂಡದ್ದು ಆ ಭಯದಲ್ಲಿ. ಗಾಳಿ, ಬೆಳಕು, ಚರಂಡಿ ಮೊದಲು, ಮನೆ ಆಮೇಲೆ ಎಂಬ ಎಚ್ಚರ ಆ ನಕ್ಷೆಗಳಲ್ಲಿ ಕಾಣುತ್ತದೆ. ಮಲ್ಲೇಶ್ವರದ ಯಾವುದಾದರೂ ಕ್ರಾಸಿನಲ್ಲಿ ನಿಂತು ಮನೆಗಳ ಹಿಂಬದಿಗೆ ಹೋಗಿ ನೋಡಿ. ಎರಡು ಸಾಲು ಮನೆಗಳ ಬೆನ್ನು ಕೂಡುವ ಜಾಗದಲ್ಲಿ ಕಿರಿದಾದ ಓಣಿಯೊಂದು ಉದ್ದಕ್ಕೂ ಹೋಗುತ್ತದೆ. ಕನ್ಸರ್ವೆನ್ಸಿ ಲೇನ್ ಎನ್ನುತ್ತಾರೆ. ಕಕ್ಕಸಿನ ಮಲ, ಬಚ್ಚಲ ನೀರು, ಕಸ ಇವೆಲ್ಲ ಮುಂದಿನ ಬೀದಿಗೆ ಬಾರದೆ ಹಿಂದಿನಿಂದಲೇ ಹೋಗಲಿ ಎಂದು ಮಾಡಿದ ದಾರಿ. ಇಂದು ಕೆಲವು ಕಡೆ ಅದರಲ್ಲಿ ಬೈಕು ನಿಲ್ಲಿಸುತ್ತಾರೆ, ಕೆಲವು ಕಡೆ ಕಟ್ಟಡದ ಅವಶೇಷ ಸುರಿದಿದ್ದಾರೆ. ಆದರೂ ಒಳಚರಂಡಿಯನ್ನು ರಿಪೇರಿ ಮಾಡಲು ಮುಂದಿನ ರಸ್ತೆ ಅಗೆಯಬೇಕಾಗಿಲ್ಲ ಎಂಬ ಅನುಕೂಲ ಆ ಓಣಿಯಿಂದ ಸಿಗಬಹುದಾಗಿತ್ತು. ಯೋಜನೆಯ ದೃಷ್ಟಿಯಿಂದ ಇದು ಬಹಳ ಬುದ್ಧಿವಂತಿಕೆಯ ಕೆಲಸ.

ಹಾಗೆಂದು ಹಳೆಯ ಬಡಾವಣೆಗಳನ್ನು ಕಣ್ಣುಮುಚ್ಚಿ ಹೊಗಳಲು ನನ್ನಿಂದ ಆಗದು. ಆ ಓಣಿಯಲ್ಲಿ ಹಿತ್ತಿಲ ಬಾಗಿಲ ತನಕ ಬಂದು ಮಲದ ಬುಟ್ಟಿ ಹೊತ್ತವರು ಯಾರು, ಅವರ ಮನೆ ಆ ನಕ್ಷೆಯಲ್ಲಿ ಎಲ್ಲಿತ್ತು ಎಂದು ಕೇಳಲೇಬೇಕು. ಸೈಟುಗಳನ್ನು ಜಾತಿ, ಸಮುದಾಯಗಳ ಲೆಕ್ಕದಲ್ಲಿ ವಿಂಗಡಿಸಿದ ಕಾಲ ಅದು. ಊರಿನ ಸ್ವಚ್ಛತೆ ಇನ್ನೊಬ್ಬರ ಬೆನ್ನಿನ ಮೇಲೆ ನಿಂತಿತ್ತು. ಈ ದೋಷ ಮುಂದಿನ ಬಡಾವಣೆಗಳಿಗೂ ಬೇರೆ ರೂಪದಲ್ಲಿ ದಾಟಿತು: ಕಟ್ಟಡ ಕೆಲಸದವರು, ಮನೆಗೆಲಸದವರು, ಪೌರಕಾರ್ಮಿಕರು ಎಲ್ಲಿ ಇರಬೇಕು ಎಂಬುದಕ್ಕೆ ಬಡಾವಣೆಯ ನಕ್ಷೆ ಎಂದೂ ಸರಿಯಾದ ಉತ್ತರ ಕೊಡಲಿಲ್ಲ. ಅವರು ತಾವೇ ಜಾಗ ಹುಡುಕಿಕೊಂಡರು. ಆ ಜಾಗವನ್ನು ನಾವು ಸ್ಲಂ ಎಂದು ಕರೆದೆವು.

1945ರಲ್ಲಿ ನಗರ ಸುಧಾರಣಾ ಮಂಡಳಿ ಬಂತು. ಸ್ವಾತಂತ್ರ್ಯದ ಬೆನ್ನಿಗೇ ಬೆಳೆದ ಜಯನಗರ ಈ ಪದ್ಧತಿಯ ಅತ್ಯುತ್ತಮ ಫಲ ಎಂದು ನನ್ನ ಅಭಿಪ್ರಾಯ. ನಾಲ್ಕನೇ ಬ್ಲಾಕಿನಲ್ಲಿ ಬಸ್ಸಿಳಿದವರು ಅಲ್ಲೇ ಕಾಂಪ್ಲೆಕ್ಸಿನಲ್ಲಿ ತರಕಾರಿ, ಹೂವು ತೆಗೆದುಕೊಂಡು ನಡೆದು ಮನೆ ಸೇರಬಹುದು. ಬ್ಲಾಕ್, ಮೇನ್, ಕ್ರಾಸ್ ಗೊತ್ತಿದ್ದರೆ ಹೊಸಬರೂ ವಿಳಾಸ ಹುಡುಕಬಹುದು. ಸೈಟಿನ ಜೊತೆಗೆ ಪೇಟೆ, ಬಸ್ಸು, ಪಾರ್ಕು ಮೂರನ್ನೂ ಒಟ್ಟಿಗೆ ಯೋಚಿಸಿದ್ದರು.

1976ರ ಕಾಯ್ದೆಯಿಂದ ಮಂಡಳಿಯ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂತು. ಬಡಾವಣೆಯ ಶೇ 15ರಷ್ಟು ಜಾಗ ಪಾರ್ಕು, ಆಟದ ಮೈದಾನಗಳಿಗೆ, ಇನ್ನೂ ಶೇ 10ರಷ್ಟು ನಾಗರಿಕ ಸೌಲಭ್ಯಗಳಿಗೆ ಮೀಸಲಿರಬೇಕು ಎಂದು ಆ ಕಾಯ್ದೆ ಹೇಳುತ್ತದೆ. ಒಳ್ಳೆಯ ನಿಯಮ. ಆದರೆ ಬಿಡಿಎ ಸೈಟು ಕೊಡುವ ವೇಗಕ್ಕೂ ಊರು ಬೆಳೆಯುವ ವೇಗಕ್ಕೂ ತಾಳೆಯೇ ಆಗಲಿಲ್ಲ. ಅರ್ಕಾವತಿ ಬಡಾವಣೆಗೆ 2003ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟಿತು; ಭೂಮಿ ಕಳೆದುಕೊಂಡ ರೈತರೂ ಸೈಟು ಹಂಚಿಕೆಯಾದವರೂ ಇಬ್ಬರೂ ಕೋರ್ಟಿಗೆ ಅಲೆಯಬೇಕಾಯಿತು. ಕಾದು ಸಾಕಾದವರು ರೆವಿನ್ಯೂ ಸೈಟಿಗೆ ಹೋದರು. ಹೊಲದ ಸರ್ವೆ ನಂಬರನ್ನು ಹಾಗೆಯೇ ತುಂಡು ಮಾಡಿ, ಎತ್ತಿನ ಗಾಡಿ ಹೋಗುತ್ತಿದ್ದ ದಾರಿಯನ್ನೇ ರಸ್ತೆ ಎಂದು ತೋರಿಸಿ ಮಾರಿದ ಸೈಟುಗಳು ಅವು. ಮೊದಲು ಮನೆ ಏಳುತ್ತದೆ, ಆಮೇಲೆ ಬೋರ್‌ವೆಲ್, ಆಮೇಲೆ ಕಕ್ಕಸಿನ ಪಿಟ್ಟು. ರಸ್ತೆ, ಮೋರಿ, ಒಳಚರಂಡಿ ಎಲ್ಲ ಅರ್ಜಿ ಕೊಟ್ಟು, ಶಾಸಕರ ಮನೆಗೆ ಅಲೆದ ಮೇಲಿನ ಮಾತು. ಕೊಂಡವರನ್ನು ನಾನು ದೂರುವುದಿಲ್ಲ. ಮಧ್ಯಮ ವರ್ಗದವರಿಗೂ ಬಡವರಿಗೂ ಕೈಗೆಟುಕುವ ಬೇರೆ ದಾರಿಯನ್ನು ಸರ್ಕಾರ ಬಿಟ್ಟಿರಲಿಲ್ಲ.

ಮನೆ ಮೊದಲು, ಸೌಲಭ್ಯ ಆಮೇಲೆ ಎಂಬ ಈ ಕ್ರಮದ ಬೆಲೆ ಎಷ್ಟೆಂದು ಒಂದು ಲೆಕ್ಕದಿಂದಲೇ ತಿಳಿಯುತ್ತದೆ. 2007ರಲ್ಲಿ ಆಗಿನ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದರು. ಆ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ. ಈ ನಡುವೆ ಅಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು, ಕಂಪನಿಗಳು ಬಂದವು, ಜನ ಪಾಲಿಕೆಗೆ ತೆರಿಗೆ ಕಟ್ಟುತ್ತ ಟ್ಯಾಂಕರಿಗೂ ದುಡ್ಡು ಸುರಿದರು. ನೀರಿನ ಕೊಳವೆಗೋಸ್ಕರ ಡಾಂಬರು ರಸ್ತೆಯನ್ನು ಅಗೆದರು, ಜಲ್ಲಿ ಸುರಿದು ಮುಚ್ಚಿದರು. ಒಳಚರಂಡಿಗೆಂದು ಮತ್ತೆ ಅಗೆದರು. ಜಲಮಂಡಳಿ, ಬೆಸ್ಕಾಂ, ಬಿಡಿಎ, ಪಾಲಿಕೆ ಒಂದೊಂದಕ್ಕೂ ಅದರದೇ ಕಚೇರಿ, ಅದರದೇ ಟೆಂಡರು. ರಸ್ತೆ ಹಾಳಾದ ಮೇಲೆ ಯಾರನ್ನು ಕೇಳಬೇಕು ಎಂದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂತಿತು. ಪಾಲಿಕೆ ಚಿಕ್ಕದಾದರೆ ಆಡಳಿತ ಜನರಿಗೆ ಹತ್ತಿರವಾಗಬಹುದು. ಆ ಮಟ್ಟಿಗೆ ಇದನ್ನು ಒಪ್ಪುತ್ತೇನೆ. ಆದರೆ ಪ್ರಾಧಿಕಾರದ ಅಧ್ಯಕ್ಷರು ಮುಖ್ಯಮಂತ್ರಿಗಳೇ. ಹಳೆಯ ಬಿಬಿಎಂಪಿಯಲ್ಲಿ 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ, ಅದು ಇಲ್ಲವಾಗುವ ತನಕ ಚುನಾವಣೆಯೇ ನಡೆಯಲಿಲ್ಲ. ಸ್ಥಳೀಯ ಸಂಸ್ಥೆಗಳಿಗೆ ಸಂವಿಧಾನದ 74ನೇ ತಿದ್ದುಪಡಿ ಕೊಟ್ಟ ಮಾತು ಇಲ್ಲಿ ಇನ್ನೂ ಪೂರ್ತಿಯಾಗಿಲ್ಲ. ಗಡಿ ಬದಲಿಸಿದ ಮಾತ್ರಕ್ಕೆ ಕೆಲಸದ ಕ್ರಮ ಬದಲಾಗದು. ನೀರು, ಚರಂಡಿ, ರಸ್ತೆಯ ನಕ್ಷೆ ಒಂದೇ ಮೇಜಿನ ಮೇಲೆ ಮಂಜೂರಾಗಿ, ಅವು ಮುಗಿಯುವವರೆಗೆ ಸೈಟು ಮಾರಬಾರದು ಎಂಬ ನಿಯಮ ಬಿಗಿಯಾಗುವ ತನಕ ಐದು ಪಾಲಿಕೆಯಾದರೂ ಹತ್ತು ಪಾಲಿಕೆಯಾದರೂ ಫಲ ಅಷ್ಟಕ್ಕಷ್ಟೆ.

ನಿಮ್ಮ ವಾರ್ಡಿನಲ್ಲಿ ಮತ ಕೇಳಲು ಯಾರಾದರೂ ಬಂದರೆ ಪಾರ್ಕಿನ ಕಮಾನು, ವೃತ್ತದ ಹೆಸರುಗಳ ಬಗ್ಗೆ ಕೇಳಬೇಡಿ. ಹೊಸ ಬಡಾವಣೆಗೆ ಅನುಮತಿ ಕೊಡುವ ದಿನ ಅಲ್ಲಿ ನೀರಿನ ಪೈಪು ಇರುತ್ತದೆಯೇ, ಇಲ್ಲದಿದ್ದರೆ ಸಹಿ ಹಾಕಿದ ಅಧಿಕಾರಿ ಯಾರಿಗೆ ಉತ್ತರ ಕೊಡುತ್ತಾರೆ ಎಂದು ಕೇಳಿ. ಉತ್ತರವನ್ನು ಬರೆದು ಕೊಡಲು ಹೇಳಿ.